ಕಿಟಕಿಯಲ್ಲೊಂದು ತಟ್ಟೆ

ಕಿಟಕಿಯ ಅಡ್ಡ ಸರಳುಗಳ ನಡುವಿಂದ ಒಂದು ಸ್ಟೀಲ್ ತಟ್ಟೆ ಬೀದಿಗೆ ಚಾಚಿಕೊಂಡಿತ್ತು. ಅದನ್ನು ಹಿಡಿದಿದ್ದು ಎಲುಬು ಚರ್ಮ ಬಿಟ್ಟರೆ ಬೇರೇನೂ ಇಲ್ಲದ ಕೈ. ಕಿಟಕಿಯ ಕೆಳಗೆ ನಿಂತಿದ್ದ ಎದುರುಮನೆಯ ಟೈಲರಮ್ಮ ತಟ್ಟೆಗೆ ಎರಡು ರೊಟ್ಟಿ ಹಾಕಿ, ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟು, "ಬೇಗ ಒಳಗೆ ಎಳ್ಕೊಳ್ಳಿ ಅಜ್ಜಿ, ಯಾರಾದ್ರೂ ಬಂದ್ಬಿಟ್ಟಾರು" ಅಂದಳು.

ಕ್ಯಾಂಟೀನಕ್ಕ ಬೀದಿಯ ತಿರುವಿನಲ್ಲೇ ನಿಂತುಬಿಟ್ಟಳು. ತಟ್ಟೆಯ ಅಂಚಿನಲ್ಲಿದ್ದ ನೆಗ್ಗು ಅಷ್ಟು ದೂರದಿಂದಲೂ ಅವಳಿಗೆ ಗುರುತು ಸಿಕ್ಕಿತು. ಮಗಳು ಚಿಕ್ಕವಳಿದ್ದಾಗ ಸಿಟ್ಟಿನಲ್ಲಿ ನೆಲಕ್ಕೆ ಬಡಿದು ಮಾಡಿದ ನೆಗ್ಗು ಅದು. ಮನೆ ತನ್ನದು, ತಟ್ಟೆ ತನ್ನದು, ಕೈ ತನ್ನ ಅತ್ತೆಯದು. ಆ 'ಯಾರಾದ್ರೂ' ಅಂದರೆ ತಾನೇ ಅನ್ನುವುದು ತಲೆಗೆ ಹತ್ತಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ದಿನಾ ಅವಳು ಬರುವುದು ನಾಲ್ಕು ಗಂಟೆಗೆ. ಅವತ್ತು ಬಸ್ ಡಿಪೋ ಕ್ಯಾಂಟೀನಿನ ನೀರಿನ ಪೈಪು ಒಡೆದು ಅಡುಗೆಮನೆ ತುಂಬ ಮೊಣಕಾಲುದ್ದ ನೀರು. ಒಲೆ ಹಚ್ಚುವ ಹಾಗೇ ಇರಲಿಲ್ಲ. ಬಂದವರಿಗೆ ಬನ್ನು ಬಾಳೆಹಣ್ಣು ಹಂಚಿ, ಹನ್ನೆರಡೂವರೆಗೇ ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಅತ್ತೆಗೆ ಬಿಸಿಬಿಸಿ ಏನಾದರೂ ಮಾಡಿ ಹಾಕೋಣ ಅಂತ ದಾರಿಯಲ್ಲಿ ಕಾಲು ಕಿಲೋ ಕ್ಯಾರೆಟ್ಟೂ ಕೊಂಡಿದ್ದಳು. ಈಗ ಆ ಕ್ಯಾರೆಟ್ಟಿನ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು, ಯಾರೋ ಕಿತ್ತುಕೊಳ್ಳಲು ಬಂದಿರುವ ಹಾಗೆ.

ಟೈಲರಮ್ಮ ತಿರುಗಿ ನೋಡಿದಳು. ಕದ್ದು ಸಿಕ್ಕಿಬಿದ್ದವಳ ಅಳುಕು ಅವಳ ಮುಖದಲ್ಲಿ ಒಂದು ಚೂರೂ ಇರಲಿಲ್ಲ. ಕಳ್ಳರನ್ನು ಹಿಡಿದವರ ಮುಖ ಅದು.

"ಓ, ಬಂದ್ರಾ ಅಕ್ಕಾ? ಬನ್ನಿ ಬನ್ನಿ. ಇವತ್ತು ಬೇಗ."

"ಏನಿದು ಟೈಲರಮ್ಮ?"

"ಏನಿದು ಅಂತ ನೀವು ನನ್ನ ಕೇಳ್ತೀರಾ? ಆ ಹಿರೀ ಜೀವ ದಿನಾ ಮಧ್ಯಾಹ್ನ ಕಿಟಕೀಲಿ ತಟ್ಟೆ ಚಾಚಿ 'ಒಂದು ತುತ್ತು ಹಾಕಿ ತಾಯೀ' ಅಂದ್ರೆ, ನಾವೇನು ಕಲ್ಲಾಗಿ ಕೂತ್ಕೋಬೇಕಾ?"

"ದಿನಾನಾ?"

"ಎರಡು ತಿಂಗಳಾಯ್ತು. ಸೋಮವಾರ, ಗುರುವಾರ ನಂದು. ಮಂಗಳವಾರ ಔಷಧಿ ಅಂಗಡಿಯವ್ರ ಹೆಂಡ್ತಿ. ಬುಧವಾರ, ಶುಕ್ರವಾರ ಮೇಲಿನ ಮನೆ ಮೇಷ್ಟ್ರು. ಶನಿವಾರ ಯಾರಿಗೆ ಬಿಡುವಿರುತ್ತೋ ಅವ್ರು. ಭಾನುವಾರ ಮಾತ್ರ ನೀವು ಮನೇಲಿರ್ತೀರಿ, ಅವತ್ತು ಅಜ್ಜಿ ಕಿಟಕಿ ಹತ್ರಾನೂ ಸುಳಿಯಲ್ಲ. ಯಾಕೆ ಸುಳಿಯಲ್ಲ ಅನ್ನೋದು ನಮಗೆ ಅರ್ಥ ಆಗಲ್ವಾ?"

ಪಾಳಿ! ಡಿಪೋದ ಡ್ರೈವರುಗಳಿಗೆ ಇರುವ ಹಾಗೆ ವಾರಕ್ಕೆ ಪಾಳಿ ಹಾಕಿಕೊಂಡು ಬೀದಿಗೆ ಬೀದಿಯೇ ತನ್ನ ಅತ್ತೆಗೆ ಅನ್ನ ಹಾಕುತ್ತಿದೆ. ಬೆಳಿಗ್ಗೆ ಎದುರಾದಾಗ ಹಲ್ಲು ಕಿರಿದು "ಕೆಲಸಕ್ಕೆ ಹೊರಟ್ರಾ?" ಅಂತ ಕೇಳುವ ಮೇಷ್ಟ್ರು, ಮಾತ್ರೆ ಕಟ್ಟಿಕೊಡುತ್ತ "ಅತ್ತೆ ಹೇಗಿದ್ದಾರೆ?" ಅನ್ನುವ ಔಷಧಿ ಅಂಗಡಿಯವಳು, ಎಲ್ಲರೂ. ಎರಡು ತಿಂಗಳಿಂದ ತಾನು ಈ ಬೀದಿಯಲ್ಲಿ ತಲೆಯೆತ್ತಿ ನಡೆದದ್ದೇ ನಡೆದದ್ದು! ನೆನೆದು ಮೈಯೆಲ್ಲ ಹಿಡಿಯಷ್ಟಾಯಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ," ಟೈಲರಮ್ಮ ಸಣ್ಣ ದನಿಯಲ್ಲಿ ಅಂದಳು, "ನಾನು ಅಂದಿಲ್ಲ ಅಕ್ಕಾ, ಬೀದೀಲಿ ಅಂತಿದಾರೆ."

ಅಂದವರನ್ನು ಏನು ಅನ್ನುವುದು? ಬಸ್ ಡಿಪೋದಲ್ಲಿ ಇನ್ನೂರು ಜನಕ್ಕೆ ದಿನಾ ಮಧ್ಯಾಹ್ನ ಅನ್ನ ಬೇಯಿಸಿ ಬಡಿಸುವವಳು ಅವಳು. ಉಣ್ಣುವವರು ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನುವವರೆಗೆ ಅವಳ ಸೌಟು ನಿಲ್ಲುವುದಿಲ್ಲ. "ಅಳತೆ ನೋಡಿ ಬಡಿಸಕ್ಕಾ, ನಾಳೆ ನನ್ನ ಕೆಲಸಕ್ಕೆ ಕುತ್ತು ಬರುತ್ತೆ" ಅಂತ ಮ್ಯಾನೇಜರ್ ಗೋಗರೆದರೆ, "ಹಸಿದವರ ಮುಂದೆ ಅಳತೆ ಹಿಡಿದ್ರೆ ನನ್ನ ಕೈ ಸೇದಿ ಹೋಗುತ್ತೆ ಸಾರ್" ಅನ್ನುವಳು. ಅವಳ ಹೆಸರೇ ಮರೆತು ಎಲ್ಲರೂ ಕ್ಯಾಂಟೀನಕ್ಕ ಅನ್ನುವುದು ಅದಕ್ಕೇ. ಇಪ್ಪತ್ತು ವರ್ಷದಲ್ಲಿ ಅವಳು ಸಂಪಾದಿಸಿದ್ದು ಅದೊಂದೇ: ಅವಳ ಕೈಯಿಂದ ಯಾರೂ ಹಸಿದು ಹೋಗುವುದಿಲ್ಲ ಅನ್ನುವ ಮಾತು.

"ನಾನು ಅವರಿಗೆ ಊಟ ಇಟ್ಟೇ ಹೋಗ್ತೀನಿ," ಅಂದಳು. ತನ್ನ ದನಿ ತನಗೇ ಸುಳ್ಳು ಹೇಳುವವಳ ದನಿಯಂತೆ ಕೇಳಿಸಿತು.

"ಇಟ್ಟು? ಬೀಗ ಹಾಕ್ಕೊಂಡು ಹೋಗ್ತೀರಲ್ಲ!"

"ಹಾಕದೆ ಏನು ಮಾಡ್ಲಿ? ಬೇಸಿಗೇಲಿ ರೈಲ್ವೆ ಗೇಟ್ ತನಕ ಬರಿಗಾಲಲ್ಲಿ ಹೋಗಿ ಕೂತಿದ್ದು ನಿಮಗೇ ಗೊತ್ತಲ್ಲ. ನೀವೇ ತಾನೆ ಕರ್ಕೊಂಡು ಬಂದಿದ್ದು? ಡಾಕ್ಟ್ರೇ ಹೇಳಿದಾರೆ, ಮರೆವಿನ ಕಾಯಿಲೆ, ಒಬ್ಬರನ್ನೇ ಹೊರಗೆ ಬಿಡಬೇಡಿ ಅಂತ. ನಮ್ಮನೆಯವರು ಲಾರಿ ತಗೊಂಡು ಹೋದ್ರೆ ಬರೋದು ವಾರಕ್ಕೊಂದು ಸಲ. ನಾನು ಕೆಲಸ ಬಿಟ್ರೆ ಮನೆ ನಡೆಯುತ್ತಾ?"

ಟೈಲರಮ್ಮ ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಬನ್ನಿ ಒಳಗೆ. ನೀವೇ ಕಣ್ಣಾರೆ ನೋಡಿ. ನೋಡದೆ ಹೋಗೋ ಹಾಗಿಲ್ಲ ಇವತ್ತು!" ಅಂದಳು ಕ್ಯಾಂಟೀನಕ್ಕ. ಈಗ ಅವಳಿಗೆ ಸಿಟ್ಟು ಬಂದಿತ್ತು. ಬಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಬೀದಿಯಲ್ಲೇ ಅತ್ತುಬಿಡುತ್ತಿದ್ದಳು.

ಬೀಗಕ್ಕೆ ಕೀಲಿ ಹಾಕಿದಳು. ಕೀಲಿಯ ಮಾತು ಬಂದರೆ ಈ ಮನೆಯಲ್ಲಿ ಅದಕ್ಕೊಂದು ಹಳೆಯ ಕಥೆಯಿತ್ತು. ಅವಳು ಸೊಸೆಯಾಗಿ ಬಂದಾಗ ಅಡುಗೆಮನೆಯ ಕಪಾಟಿಗೆ ಬೀಗವಿತ್ತು. ಅದರ ಕೀಲಿ ಅತ್ತೆಯ ಸೊಂಟದಲ್ಲಿ. ರೊಟ್ಟಿ ಎಣಿಸಿ ಒಳಗಿಡುವಳು, ಎಣಿಸಿ ಹೊರಗೆ ತೆಗೆಯುವಳು. ಎಲ್ಲರದೂ ಮುಗಿದ ಮೇಲೆ ಉಳಿದರೆ ಸೊಸೆಗೆ. ಬಡತನದ ಮನೆಯೇನೂ ಅಲ್ಲ. ಹೊಸದಾಗಿ ಬಂದವಳ ಹೊಟ್ಟೆಯನ್ನು ಮೊದಲೇ ಬಿಗಿ ಹಿಡಿಯಬೇಕು, ಆಮೇಲೆ ಸಡಿಲ ಮಾಡಿದರಾಯಿತು ಅನ್ನುವುದು ಅತ್ತೆಯ ಸಿದ್ಧಾಂತ.

ಐದು ತಿಂಗಳ ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಹಸಿವು ತಡೆಯಲಾರದೆ, ಬೀಗ ಹಾಕಲು ಅತ್ತೆ ಮರೆತಿದ್ದ ಕಪಾಟಿನಿಂದ ಒಂದು ರೊಟ್ಟಿ ತೆಗೆದಿದ್ದಳು. ಗೋಡೆಗೆ ಮುಖ ಮಾಡಿ ನಿಂತು ಇನ್ನೇನು ಬಾಯಿಗಿಡಬೇಕು, ಬೆನ್ನ ಹಿಂದೆ ಕೀಲಿಯ ಸದ್ದು. ರೊಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಮುಷ್ಟಿ ಹಿಡಿದು, ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಡಿಸಿ, ನಜ್ಜುಗುಜ್ಜಾದ ರೊಟ್ಟಿಯನ್ನು ಎತ್ತಿಕೊಂಡು ಕಪಾಟಿಗೆ ಹಾಕಿ ಬೀಗ ಹಾಕಿದಳು. ಅದನ್ನು ಅವಳು ಇವತ್ತಿನವರೆಗೂ ಗಂಡನಿಗೆ ಹೇಳಿಲ್ಲ, ಹೆತ್ತ ತಾಯಿಗೂ ಹೇಳಿಲ್ಲ. ಹುಟ್ಟಿದ ಮಗಳು ಬೆಕ್ಕಿನ ಮರಿಯಷ್ಟಿದ್ದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಕೀಲಿ ಸೊಸೆಯ ಕೈಯಲ್ಲಿದೆ. ಸೇಡು ತೀರಿಸಿಕೊಂಡಳೇ ಅಂದರೆ, ಇಲ್ಲ, ದೇವರಾಣೆಗೂ ಇಲ್ಲ. ಆದರೆ ಒಂದೇ ಒಂದು ದಿನ, ಹೋದ ಚಳಿಗಾಲದಲ್ಲಿ, ಅತ್ತೆ "ಊಟ, ಊಟ" ಅಂತ ತಟ್ಟೆ ಬಡಿದಾಗ, ಬಡಿಸಿದ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದಳು. ಹಸಿವು ಅಂದರೆ ಏನು ಅಂತ ಅವಳಿಗೂ ಗೊತ್ತಾಗಲಿ ಅಂತ. ಆಮೇಲೆ ತನ್ನ ಮೇಲೇ ಹೇಸಿಗೆಯಾಗಿ ಓಡಿಹೋಗಿ ತುತ್ತು ಮಾಡಿ ತಿನ್ನಿಸಿದ್ದಳು. ಬೀದಿಯವರು ಮಾರಿ ಅಂದಾಗ ಅವಳ ಎದೆ ಝಲ್ಲೆಂದದ್ದು ಅದಕ್ಕೇ. ಆ ಅರ್ಧ ಗಂಟೆ ಇವರಿಗೆ ಹೇಗೆ ಗೊತ್ತಾಯಿತಪ್ಪಾ ಅನ್ನಿಸಿಬಿಟ್ಟಿತ್ತು.

ಒಳಗೆ ಮೇಜಿನ ಮೇಲೆ ಬೆಳಿಗ್ಗೆ ಮುಚ್ಚಿಟ್ಟು ಹೋದ ಊಟವಿತ್ತು. ಅನ್ನ, ತರಕಾರಿ, ಫ್ಲಾಸ್ಕಿನಲ್ಲಿ ಬಿಸಿ ಸಾರು. ಅನ್ನ ತರಕಾರಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಪಕ್ಕದ ಲೋಟದಲ್ಲಿ ಸಾರಿನ ಕಲೆ ಇನ್ನೂ ಹಸಿಯಾಗಿತ್ತು. ಟೈಲರಮ್ಮ ಫ್ಲಾಸ್ಕಿನ ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದಳು. ಮುಖ ಪೆಚ್ಚಾಯಿತು.

"ಇದು ದಿನಾ ಇರುತ್ತಾ?"

"ದಿನಾ."

"ಹಾಗಾದ್ರೆ ಅಜ್ಜಿ ಉಂಡಾದ್ಮೇಲೂ ಕಿಟಕಿಗೆ ಬರ್ತಾರಾ? ಅಷ್ಟೊಂದು ತಿಂದು ಹೇಗೆ ಅರಗುತ್ತೆ ಆ ಜೀವಕ್ಕೆ?"

ಅತ್ತೆ ತನ್ನ ಕೋಣೆಯಲ್ಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಇಬ್ಬರು ಬಂದದ್ದನ್ನು ನೋಡಿ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ಬೆನ್ನಿನಿಂದ ಮಂಚದ ಅಡಿಗೆ ಒತ್ತಿದಳು. ಕೋಣೆಯಲ್ಲಿ ಆ ವಾಸನೆ ಇತ್ತು. ತಿಂಗಳಿಂದ ಕ್ಯಾಂಟೀನಕ್ಕ ಹಾಸಿಗೆ ಒಗೆದಳು, ಫಿನಾಯಿಲ್ ಹಾಕಿ ನೆಲ ಒರೆಸಿದಳು, ಸತ್ತ ಇಲಿ ಇರಬೇಕೆಂದು ಮಂಚ ಅಲುಗಾಡಿಸಿ ನೋಡಿದಳು, ವಾಸನೆ ಹೋಗಿರಲಿಲ್ಲ. ಅತ್ತೆಯ ಹಳೆಯ ಬಟ್ಟೆಯ ಪೆಟ್ಟಿಗೆಯನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಮುಟ್ಟಿದರೆ ಮುದುಕಿ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು.

"ಅತ್ತೆ, ಸ್ವಲ್ಪ ಸರೀರಿ."

"ಉಹೂಂ."

"ಸರೀರಿ ಅತ್ತೆ, ನಾನು ಏನೂ ಮಾಡಲ್ಲ."

ಇವತ್ತು ಮುದುಕಿ ಕಿರುಚಲಿಲ್ಲ. ಮಡಿಲಲ್ಲಿದ್ದ ನೆಗ್ಗಿದ ತಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ಕ್ಯಾಂಟೀನಕ್ಕ ಪೆಟ್ಟಿಗೆ ಎಳೆದು ಮುಚ್ಚಳ ಎತ್ತಿದಳು. ಟೈಲರಮ್ಮ "ಅಯ್ಯಯ್ಯೋ!" ಅಂತ ಮೂಗು ಮುಚ್ಚಿ ಬಾಗಿಲಿನವರೆಗೂ ಹಿಂದೆ ಸರಿದಳು.

ಪೆಟ್ಟಿಗೆ ತುಂಬ ರೊಟ್ಟಿ. ಹಸಿರು ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಒಣಗಿ ಹಪ್ಪಳವಾದದ್ದು. ಕರವಸ್ತ್ರದಲ್ಲಿ ಗಂಟು ಕಟ್ಟಿದ ಅನ್ನ, ಮೇಷ್ಟ್ರ ಮನೆಯ ಕೇಕಿನ ತುಂಡು, ಒಡೆದು ಕೊಳೆತ ಮೊಟ್ಟೆ, ಕಾಗದ ಬಿಚ್ಚದ ಬಿಸ್ಕತ್ತು. ಪ್ರತಿಯೊಂದನ್ನೂ ಹಳೆಯ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ, ಸಾಲಾಗಿ ಜೋಡಿಸಿತ್ತು. ಎರಡು ತಿಂಗಳು ಬೀದಿ ಹಾಕಿದ ಅನ್ನ. ಒಂದು ತುತ್ತೂ ಮುದುಕಿಯ ಹೊಟ್ಟೆಗೆ ಹೋಗಿರಲಿಲ್ಲ.

"ತಿಂದೇ ಇಲ್ವಲ್ಲಕ್ಕಾ!" ಟೈಲರಮ್ಮನ ದನಿ ಅಳುವ ಹಾಗಾಗಿತ್ತು. "ಹಾಗಾದ್ರೆ ನಾವು... ಥೂ, ನಾವು ಏನೆಲ್ಲ ಅಂದ್ಕೊಂಡ್ಬಿಟ್ವಿ. ನನ್ನ ಬಾಯಿಗೆ ಮಣ್ಣು ಹಾಕ. ಯಾರಿಗೆ ಅಂತ ಕೂಡಿಟ್ಟಿದಾರೆ ಇದನ್ನೆಲ್ಲ?"

ಕ್ಯಾಂಟೀನಕ್ಕನಿಗೂ ಗೊತ್ತಿರಲಿಲ್ಲ. ತನ್ನ ಮೇಲಿನ ಆರೋಪ ಕಳಚಿಬಿತ್ತು, ಇನ್ನು ಬೀದಿಯಲ್ಲಿ ತಲೆಯೆತ್ತಬಹುದು ಅನ್ನುವ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಹಸಿದವರಿಗಷ್ಟೇ ಹೀಗೆ ಬಚ್ಚಿಡುವುದು ಬರುತ್ತದೆ ಅಂತ ಅವಳಿಗೆ ಗೊತ್ತು. ಈ ಮುದುಕಿ ಯಾವತ್ತು ಹಸಿದಿದ್ದಳು? ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತವಳು, ಏನು ಮಾಡುವುದೆಂದು ತೋಚದೆ, ಎರಡೂ ಮುಷ್ಟಿ ಬಿಗಿಹಿಡಿದುಕೊಂಡಿದ್ದಳು.

ಆಗ ಅತ್ತೆ ಹತ್ತಿರ ಸರಿದಳು. ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದಳು. ಟೈಲರಮ್ಮನನ್ನು ಕಂಡು, "ಏ, ನೀನು ಆ ಕಡೆ ತಿರುಗು. ಹೋಗಿ ಅವಳಿಗೆ ಚಾಡಿ ಹೇಳ್ಬೇಡ" ಅಂತ ಗದರಿದಳು. ಟೈಲರಮ್ಮ ತೆಪ್ಪಗೆ ಗೋಡೆಯ ಕಡೆ ತಿರುಗಿದಳು.

ಮುದುಕಿ ಸೊಸೆಯ ಬಲಗೈ ಎಳೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಕಿರುಬೆರಳು ಬಿಡಿಸಿದಳು. ಅದರ ಪಕ್ಕದ್ದು ಬಿಡಿಸಿದಳು. ನಡುಬೆರಳು, ತೋರುಬೆರಳು. ಇಪ್ಪತ್ತಾರು ವರ್ಷವಾದರೂ ಆ ಬೆರಳುಗಳ ಒತ್ತು ಅದೇ ಒತ್ತು. ಕ್ಯಾಂಟೀನಕ್ಕನಿಗೆ ಕೈ ಎಳೆದುಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ.

ತೆರೆದ ಅಂಗೈ ಮೇಲೆ ಮುದುಕಿ ಇವತ್ತಿನ ರೊಟ್ಟಿ ಇಟ್ಟಳು. ಇನ್ನೂ ಬೆಚ್ಚಗಿತ್ತು. ಅದರೊಳಗೆ ಮೊಟ್ಟೆ ಇಟ್ಟು ಮಡಚಿ, ಸೊಸೆಯ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿದಳು.

"ತಿನ್ನು," ಪಿಸುಗುಟ್ಟಿದಳು. "ಬೇಗ ತಿನ್ನು, ಅವಳು ಬರೋದ್ರೊಳಗೆ."

"ಯಾರು, ಅತ್ತೆ?"

"ಇನ್ಯಾರು? ನಿಮ್ಮತ್ತೆ. ಸೊಂಟದಲ್ಲಿ ಕೀಲಿ ಸಿಗಿಸ್ಕೊಂಡು ಓಡಾಡ್ತಾಳಲ್ಲ, ಆ ಹೆಂಗಸು. ಮಹಾ ಕೆಟ್ಟೋಳು ಕಣೇ. ಬಸುರಿ ಹುಡುಗಿ ಕೈಯಿಂದ ರೊಟ್ಟಿ ಕಿತ್ಕೊಂಡ್ಳು. ನಾನೇ ನೋಡ್ದೆ, ಈ ಎರಡು ಕಣ್ಣಿಂದ." ಮುದುಕಿ ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. "ಅವತ್ತಿಂದ ಎತ್ತಿಡ್ತಾನೇ ಇದೀನಿ. ನೀನು ಸಿಗೋದೇ ಇಲ್ಲ. ಯಾವಾಗ್ಲೂ ಯಾರೋ ದೊಡ್ಡ ಹೆಂಗಸು ಬರ್ತಾಳೆ, ನೀನು ಬರೋದೇ ಇಲ್ಲ."

ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ ಕೇಳಿಸಿತು. ಕ್ಯಾಂಟೀನಕ್ಕ ಬಾಯಿ ತೆರೆದಳು. ಹೇಳಲು ಇಪ್ಪತ್ತಾರು ವರ್ಷದಿಂದ ಹೊಂದಿಸಿಟ್ಟ ಮಾತುಗಳಿದ್ದವು. ಆದರೆ ಅವನ್ನು ಯಾರಿಗೆ ಹೇಳಬೇಕಿತ್ತೋ ಆ ಹೆಂಗಸು ಈ ಕೋಣೆಯಲ್ಲಿ ಇರಲಿಲ್ಲ.

"ತಿನ್ನು ಅಂದೆನಲ್ಲ!"

ಅವಳು ಎದ್ದಳು. ಕಾಲು ತಾನಾಗಿ ಮೂಲೆಗೆ ಹೋಯಿತು. ಗೋಡೆಗೆ ಮುಖ ಮಾಡಿ ನಿಂತು ರೊಟ್ಟಿಯನ್ನು ಕಚ್ಚಿದಳು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ನುಂಗಲು ಕಷ್ಟವಾಯಿತು, ಆದರೂ ಇನ್ನೊಂದು ಸಲ ಕಚ್ಚಿದಳು.

ಮುದುಕಿ ಮಂಚ ಹಿಡಿದುಕೊಂಡು ಮೆಲ್ಲಗೆ ಮೇಲೆದ್ದು ಕಿಟಕಿಗೆ ಹೋದಳು. ಸರಳಿಗೆ ಹಣೆ ಒತ್ತಿ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು. ಆಮೇಲೆ ತಿರುಗಿ ನೋಡದೆಯೇ ಬೆನ್ನ ಹಿಂದೆ ಕೈಯಾಡಿಸಿ ಸನ್ನೆ ಮಾಡಿದಳು.

"ಇನ್ನೂ ಬಂದಿಲ್ಲ. ನಿಧಾನಕ್ಕೆ ತಿನ್ನು."