ಹಂದಿಬಲೆ

ಸರ್ಕಾರದವರು ಮನೆ ನೋಡಲು ಬರುತ್ತಾರೆ ಎಂದರೆ ಯಾರಾದರೂ ಏನು ಮಾಡುತ್ತಾರೆ? ಹಂಪವ್ವನೂ ಅದನ್ನೇ ಮಾಡಿದಳು. ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು. ಸಾಹೇಬರ ಬೆನ್ನಿಗೇ ಓಣಿಯವರೂ ಒಳಗೆ ಇಣುಕುತ್ತಾರಲ್ಲ ಎಂಬ ದಿಗಿಲಿಗೆ, ಅಟ್ಟದ ಮೇಲಿದ್ದ ಮಾವನ ಹಂದಿಬಲೆಯನ್ನು ಗೋಣಿಯಲ್ಲಿ ಸುತ್ತಿ ಮನೆಯೊಡತಿ ಕಸ್ತೂರಮ್ಮನ ಕೊಟ್ಟಿಗೆಗೆ ಸಾಗಿಸಿದಳು.

"ಯಾರು ಕೇಳಿದ್ರೂ ಇದು ಹಂಪವ್ವನ ಮನೀದು ಅನ್ನಬ್ಯಾಡ್ರಿ ಅಮ್ಮಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಆತು ಬಿಡೇ, ಮೊದ್ಲು ಕಾಲು ಬಿಡು."

ದಾವಣಗೆರೆಯ ಗಿರಣಿ ಹಿಂದಿನ ಆ ಓಣಿಯಲ್ಲಿ ಬೇಟೆ ಕುಲದವರಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಆನಗೋಡಿನಿಂದ ಗಿರಣಿ ಕೆಲಸಕ್ಕೆ ಬಂದ ಅವಳ ಗಂಡ ಮಾರಣ್ಣ, ಒಕ್ಕಲು ಜನ ಎಂದು ಹೇಳಿಯೇ ಮನೆ ಹಿಡಿದಿದ್ದ. ಗುಟ್ಟು ಕಸ್ತೂರಮ್ಮನಿಗೆ ಗೊತ್ತಿತ್ತು, ಓಣಿಗೆ ಗೊತ್ತಿರಲಿಲ್ಲ. ಈಗ ಮಗಳು ತಿಪ್ಪಮ್ಮನಿಗೆ ಹರಿಹರದ ಹಾಸ್ಟೆಲಿನಲ್ಲಿ ಸೀಟು ಸಿಗಬೇಕಾದರೆ ಬುಡಕಟ್ಟಿನವರೆಂಬ ಸರ್ಟಿಫಿಕೇಟು ಬೇಕು. ಅದನ್ನು ಕೊಡಲು ನಾಳೆಯೇ ಕೊನೆಯ ದಿನ.

ತಾಲ್ಲೂಕು ಕಚೇರಿಯ ಶೇಕದಾರ ಬಂದವನು ಸುತ್ತ ನೋಡಿ ನಕ್ಕ. "ಏನಮ್ಮಾ, ಮನೆ ಮಠ ಇದ್ದಂಗೈತೆ! ನೀವು ಬುಡಕಟ್ಟಿನೋರು ಅಂತ ಬರ್ದ್ರೆ ನನ್ನ ನೌಕರಿ ಉಳೀತದಾ?"

"ಅದೇ ಕುಲದೋರು ರೀ ಸಾಹೇಬ್ರೇ," ಎಂದಳು ಹಂಪವ್ವ, ಬಾಗಿಲಾಚೆ ಕೇಳದಂತೆ.

"ಗುರ್ತು ಏನೈತೆ? ಬಲೆ, ಈಟಿ?"

ಹಂಪವ್ವ ಅವನನ್ನು ಕೊಟ್ಟಿಗೆಗೆ ಕರೆದೊಯ್ದಳು. ಹಿಂದೆಯೇ ಅರ್ಧ ಓಣಿ ಬಂತು. ಶೇಕದಾರ ಗೋಣಿ ಸರಿಸಿ, "ಇದು ಯಾರ್ದು?" ಎಂದ.

ಹಂಪವ್ವ ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಮ್ಮ ಕೊಟ್ಟ ಮಾತು ಉಳಿಸಿಕೊಂಡಳು. "ನಮ್ದೇ ರೀ! ಹುಲ್ಲು ಕಟ್ಟಾಕೆ ಇಟ್ಕೊಂಡೀವಿ." ಹೇಳಿ, ಹೆಂಗೆ ಎಂಬಂತೆ ಹಂಪವ್ವನತ್ತ ಹುಬ್ಬು ಹಾರಿಸಿದಳು.

ಶೇಕದಾರ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದ.

ಹಂಪವ್ವ ಬಲೆಯನ್ನು ಎಳೆದು ಅಂಗಳದ ತುಂಬ ಹಾಸಿಬಿಟ್ಟಳು. "ನಮ್ದು! ನಮ್ಮ ಮಾವ ಕಾಡುಹಂದಿ ಕೆಡವಿದ ಬಲೆ! ನಾವು ಬ್ಯಾಟೆ ಜನ. ಎಲ್ಲಾರ್ಗೂ ಕೇಳಿಸ್ತೇನ್ರಿ?"

"ಇಷ್ಟು ಗಟ್ಟಿ ಯಾಕಮ್ಮಾ, ನಂಗೆ ಕಿವಿ ಐತೆ," ಎಂದು ಶೇಕದಾರ ಬರೆಯತೊಡಗಿದ.

ಬಾವಿಕಟ್ಟೆಯ ಮೇಲೆ ಹಂಪವ್ವನ ಕೊಡದ ಪಕ್ಕ ಇದ್ದ ಕೊಡವನ್ನು ಯಾರೋ ಎತ್ತಿ ದೂರ ಇಟ್ಟರು.

"ಇನ್ನೂ ನಿಮ್ಮನ್ನ ಮನ್ಯಾಗ ಇಟ್ಕೊಂಡ್ರೆ ಓಣಿಯೋರು ನಾಳೆ ನನ್ನ ಸುಮ್ನೆ ಬಿಡ್ತಾರೇನೇ?" ಎಂದಳು ಕಸ್ತೂರಮ್ಮ ಮೆಲ್ಲಗೆ.

ಸಂಜೆ ತಾಲ್ಲೂಕು ಕಚೇರಿಯಲ್ಲಿ ಕೈಗೆ ಬಂದ ಸರ್ಟಿಫಿಕೇಟನ್ನು ಸೆರಗಿಗೆ ಕಟ್ಟಿಕೊಂಡು ಹಂಪವ್ವ ಮನೆಯೊಳಗೆ ಬಂದಳು. ಮಗಳ ಟ್ರಂಕು ಮೊದಲು ತುಂಬಬೇಕೋ, ಅಡುಗೆ ಪಾತ್ರೆಗಳನ್ನು ಮೂಟೆ ಕಟ್ಟಬೇಕೋ ತಿಳಿಯದೆ, ನಡುಮನೆಯಲ್ಲಿ ಸುಮ್ಮನೆ ನಿಂತಳು.