ನೂರಾ ಹತ್ತು ವೋಲ್ಟ್

ವಿಜಯಶ್ರೀ ಬ್ರೆಡ್ ಕೊಯ್ಯುವ ಚಾಕುವಿನಿಂದ ಪೆಟ್ಟಿಗೆಯ ಟೇಪು ಸೀಳುತ್ತಿದ್ದಳು. ಗಂಡ ಸಿದ್ದಲಿಂಗೇಶನ ಮದುವೆಯ ಧೋತರ ನೆಲಮಾಳಿಗೆಯ ಈ ಒಂಬತ್ತು ರಟ್ಟಿನ ಪೆಟ್ಟಿಗೆಗಳಲ್ಲಿ ಎಲ್ಲೋ ಇತ್ತು. ಮಧ್ಯಾಹ್ನ ಅವನ ಮಣ್ಣು, ಹತ್ತರೊಳಗೆ ಶವಾಗಾರಕ್ಕೆ ಬಟ್ಟೆ ಮುಟ್ಟಿಸಬೇಕು. ಎಲ್ಲ ಪೆಟ್ಟಿಗೆಗಳ ಮೇಲೂ ಅವನ ಗುಂಡು ಅಕ್ಷರದಲ್ಲಿ ಒಂದೇ ಊರು: ಡಲ್ಲಾಸ್.

ಆ ಡಲ್ಲಾಸಿನಿಂದಲೇ ನಿನ್ನೆ ಬಂದಿಳಿದಿದ್ದ ಅವನ ಅಕ್ಕ ಮಹಾಂತಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

“ಇದೇನ್ ವಿಜು, ಮಿಕ್ಸರ್ ಹೊಸಾದ್ ಐತಲ್ಲ?”

“ಅದು ನೂರಾ ಹತ್ತು ವೋಲ್ಟಿಂದ್ರಿ ಅಕ್ಕಾರ. ಇಲ್ಲಿಗೆ ಬರೋ ಮುಂದ, ನಿಮ್ಮೂರ ಕರೆಂಟಿಗೆ ಅಂತ ಹುಬ್ಬಳ್ಳ್ಯಾಗ ಹೇಳಿ ತರಿಸಿದ್ರು. ಇಲ್ಲಿ ಹಚ್ಚಿದ್ರ ಸುಟ್ಟು ಹೋಗತೈತಿ.”

“ಮತ್ತ ಇಷ್ಟು ವರ್ಷ ಚಟ್ನಿ?”

“ಎರಡು ವರ್ಷಕ್ಕ ಇನ್ನೊಂದ್ ಮಿಕ್ಸರ್ ಯಾಕ ಅಂತಿದ್ರು. ಕುಟ್ಟೀನ್ರಿ.”

*

ಅಮೆರಿಕದ ಪ್ರಜೆಯಾದ ಕೂಡಲೇ, ಎರಡು ಸಾವಿರದ ಎಂಟರಲ್ಲಿ, ಮಹಾಂತಮ್ಮ ತಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಒಡಹುಟ್ಟಿದವರ ಸಾಲು ಉದ್ದ, ಹತ್ತು ವರ್ಷವಾದರೂ ಬೇಕು ಎಂದಿದ್ದರು. ಅಲ್ಲಿಯವರೆಗೆ ಇರಲಿ ಎಂದು ಸಿದ್ದಲಿಂಗೇಶ ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಕಾರು ಕಾರ್ಖಾನೆಯ ಕೆಲಸಕ್ಕೆ ಬಂದ. ಯಾವ ತಾರೀಕಿನ ಅರ್ಜಿಯವರೆಗೆ ಸರದಿ ಬಂದಿದೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಪಂಚಾಂಗದಂತೆ ನೋಡುತ್ತಿದ್ದ. ಸರದಿ ಒಮ್ಮೆ ಒಂದು ವಾರ ಮುಂದೆ ಹೋಗುತ್ತಿತ್ತು, ಒಮ್ಮೆ ಇದ್ದಲ್ಲೇ. ಮನೆ ಕೊಳ್ಳಲಿಲ್ಲ. ಸೋಫಾ ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು. ಜರ್ಮನ್ ಪೌರತ್ವದ ಫಾರ್ಮನ್ನು ವಿಜಯಶ್ರೀ ಎರಡು ಸಲ ತಂದಿಟ್ಟಳು. ಎರಡು ಸಲವೂ “ಇನ್ನೆರಡು ವರ್ಷ ತಡಿ” ಎಂದ. ಮಗಳು ಮೇಘಾಳಿಗೆ ಇಪ್ಪತ್ತೊಂದು ತುಂಬಿದರೆ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಗುತ್ತದೆಂದು ತಿಳಿದ ದಿನ ಮಾತ್ರ ಊಟ ಬಿಟ್ಟ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಹದಿನೇಳು ವರ್ಷ ತಾಳಿದವನು ಬಾಳಿದ್ದೆಷ್ಟು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೋದ ವಾರ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಆ ತಿಂಗಳ ಪಟ್ಟಿ ಎರಡು ಸಾವಿರದ ಆರರ ಕೊನೆಗೆ ಬಂದಿತ್ತು. ಇನ್ನೆರಡು ವರ್ಷ.

*

ಸ್ಮಶಾನದ ಕಚೇರಿಯ ಹೆಂಗಸು ಕಾಗದ ಮುಂದಿಟ್ಟಳು. ಜಾಗ ಇಪ್ಪತ್ತು ವರ್ಷಕ್ಕೆ. ಆಮೇಲೆ ಬೇಕಿದ್ದರೆ ಮುಂದುವರಿಸಬಹುದು.

“ಇಪ್ಪತ್ತು ವರ್ಷ!” ಮಹಾಂತಮ್ಮ ಕಾಗದ ಹಿಂದಕ್ಕೆ ತಳ್ಳಿದಳು. “ಇಲ್ಲಿ ಯಾರದಾರ ಅವಗ? ಈಗರೆ ಊರಿಗೆ ಒಯ್ಯೋಣ ನಡಿ.”

“ಪಾಪಾ ಬ್ಲೈಬ್ಟ್ ಹಿಯರ್,” ಎಂದಳು ಮೇಘಾ. ಅತ್ತೆಗೆ ತಿಳಿಯಲೆಂದು ಮತ್ತೆ ಕನ್ನಡದಲ್ಲಿ ಹೇಳಿದಳು: “ಪಪ್ಪಾ ಇಲ್ಲೇ ಇರ್ಲಿ ಅತ್ತಿ. ನಾವ್ ಇರ್ತೀವಲ್ಲ.”

ವಿಜಯಶ್ರೀ ಪೆನ್ನು ಹಿಡಿದು ಕೇಳಿದಳು. “ಅಕ್ಕಾರ, ಅರ್ಜಿ ಏನಾತ್ರಿ?”

“ಅದು ಅವನ ಹೆಸರಿಂದು, ವಿಜು. ಅವನ ಸಂಗಟನ ಹೋತು.”

ಅವಳು ಸಹಿ ಹಾಕಿದಳು. ಎರಡು ವರ್ಷದ ಫೋನ್ ಕಾಂಟ್ರಾಕ್ಟಿಗಿಂತ ದೊಡ್ಡ ಗಡುವಿನ ಕಾಗದಕ್ಕೆ ಆ ಮನೆಯವರು ಈ ದೇಶದಲ್ಲಿ ಸಹಿ ಹಾಕಿದ್ದು ಅದೇ ಮೊದಲು.

ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಲು ಇಲ್ಲಿ ಒಪ್ಪಲಿಲ್ಲ. ಕೂತು ಹೋಗಬೇಕಾದವನು ಪೆಟ್ಟಿಗೆಯಲ್ಲಿ ಮಲಗಿ ಹೋದ. ಎಡಗೈಯಲ್ಲಿ ಲಿಂಗವಿತ್ತು, ಧೋತರದ ಮಡಿಕೆಯ ಗೆರೆಗಳು ಹಾಗೇ ಇದ್ದವು.

*

ಸಂಜೆ ವಿಜಯಶ್ರೀ ಶೇಂಗಾ ಹುರಿದಳು. ಶೇಂಗಾ ಚಟ್ನಿಯಿಲ್ಲದೆ ಅವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಮಿಕ್ಸರನ್ನು ಒರೆಸಿ ಕಟ್ಟೆಯ ಮೇಲಿಟ್ಟು ಜಾರಿಗೆ ಶೇಂಗಾ ಸುರಿದಳು. ಮಹಾಂತಮ್ಮನ ಫೋನು ಚಾರ್ಜಾಗುತ್ತಿದ್ದ ಅಡಾಪ್ಟರನ್ನು ಕಿತ್ತು ಮಿಕ್ಸರಿನ ಅಮೆರಿಕದ ಪ್ಲಗ್ಗಿಗೆ ಹಾಕಿ ಗೋಡೆಗೆ ಚುಚ್ಚಿದಳು.

“ವಿಜು! ಸುಡತೈತಿ ಅಂದಿದ್ದಿ!”

“ಗೊತ್ತೈತ್ರಿ.”

ಗುಂಡಿ ತಿರುವಿದಳು. ಮಿಕ್ಸರು ಕಿರುಚಿತು, ಜಾರು ಕುಣಿಯಿತು, ಸುಟ್ಟ ವಾಸನೆ ಎದ್ದಿತು. ಛಾವಣಿಯ ಹೊಗೆ ಅಲಾರಂ ಬಡಿದುಕೊಳ್ಳತೊಡಗಿತು. ಮೇಘಾ ಕಿಟಕಿ ತೆರೆದು ಟವೆಲ್ ಬೀಸಿದಳು. ವಿಜಯಶ್ರೀ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ, ಅದು ತಾನಾಗಿ ನಿಲ್ಲುವವರೆಗೆ.

ಆಮೇಲೆ ಮುಚ್ಚಳ ತೆಗೆದಳು. ಶೇಂಗಾ ಹದವಾಗಿ ಪುಡಿಯಾಗಿತ್ತು, ಇನ್ನೂ ಬಿಸಿಯಿತ್ತು.