ಅನುಮಾನಪ್ಪನ ಅಳತೆ

ಎಡಗಡೆಯ ತಿರುಪು ಕಿರ್ರೆನ್ನಲಿಲ್ಲ, ಹಳೆಯ ಕವಚದ್ದಾದರೆ ಕತ್ತಿನ ಹತ್ತಿರ ಕೊನೆಯ ಸುತ್ತಿಗೆ ಕಿರ್ರೆನ್ನುತ್ತಿತ್ತು, ಇದು ಸದ್ದೇ ಇಲ್ಲದೆ ಕೂತುಬಿಟ್ಟಿತು, ಸದ್ದಿಲ್ಲದ್ದನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಗುಮಾನಿ — ಯಾಕೆ ಸದ್ದಿಲ್ಲ, ಬಿಗಿಯಾಯಿತೋ ಇಲ್ಲವೋ, ಬೇಕಂತಲೇ ಸಡಿಲ ಬಿಟ್ಟರೋ, ಶಾಟಿನ ನಡುವೆ ಯಂತ್ರದ ತಲೆ ಕಳಚಿ ಬಿದ್ದರೆ ಹಲ್ಲು ಕಿರಿಯಲು ಮೂವತ್ತು ಜನ ನಿಂತೇ ಇದ್ದಾರೆ. ಕೈ ಎತ್ತಿ ಸರ್, ಇನ್ನೊಂಚೂರು, ಹಾಂ ಸಾಕು, ಎಂದಳು ದರ್ಜಿ ಹೆಂಗಸು, ಅವನ ಅಕ್ಕನ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿದವಳು, ಈಗ ಅಕ್ಕನ ಸ್ಟೂಲನ್ನೇ ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಿದ್ದಾಳೆ, ಆ ಸ್ಟೂಲಿನ ಒಂದು ಕಾಲು ಗಿಡ್ಡ, ಅಕ್ಕ ಅದರ ಕೆಳಗೆ ರಟ್ಟು ಮಡಚಿ ಇಡುತ್ತಿದ್ದಳು, ರಟ್ಟು ಈಗಲೂ ಅಲ್ಲೇ ಇದೆ, ರಟ್ಟಿಗೇನು, ಅದು ಯಾರು ನಿಂತರೂ ಹೊರುತ್ತದೆ. ಹೊಸ ಕವಚದ ಅಂಟಿನ ವಾಸನೆ ಮೂಗಿಗೆ ಅಡರುತ್ತಿದೆ. ಶೂಟಿಂಗಿಗೆ ಕರೆ ಬಂದದ್ದು ತನಗೇ ಆದರೂ, ಬೆಳಿಗ್ಗೆ ಈ ಕೋಣೆಯ ಬಾಗಿಲು ತಳ್ಳುವಾಗಲೂ ಕಣ್ಣು ಅಳಿಯನನ್ನೇ ಹುಡುಕಿತ್ತು, ಅಕ್ಕನ ಮಗ, ಸ್ಕೂಲಿನಲ್ಲಿ ಡ್ರಿಲ್ ಮಾಸ್ತರ, ಅವನೇ ಬಂದು ಕೂತಿರುತ್ತಾನೆ, ಈ ಕವಚ ಅವನಿಗೇ ತಾನೆ ಹೊಲಿದದ್ದು, ಎಂದು ಹಲ್ಲು ಕಚ್ಚಿಕೊಂಡು ಬಂದಿದ್ದ, ಕೋಣೆಯಲ್ಲಿ ಇದ್ದದ್ದು ಈ ಹೆಂಗಸೊಬ್ಬಳೇ. ಬನ್ನಿ ಸರ್, ನಿಮಗೇ ಕಾಯ್ತಿದ್ದೆ, ಎಂದಳು.

ಹತ್ತೊಂಬತ್ತು ವರ್ಷ, ಐದು ಸಿನಿಮಾ, ಮೂರು ಧಾರಾವಾಹಿ, ಅಷ್ಟರಲ್ಲೂ ಆಕಾಶನೌಕೆಯ ಭದ್ರತಾಧಿಕಾರಿ ಇವನೇ, ಒಂಬತ್ತನೇ ನಂಬರಿನ ಯಂತ್ರಮಾನವ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅನುಮಾನಪ್ಪ ಅಂದರೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಕ್ಯಾಪ್ಟನ್ ಮೇಲೆ ಅನುಮಾನ, ಅಡುಗೆಯವನ ಮೇಲೆ ಅನುಮಾನ, ಒಂದು ಸಲ ಹೂವಿನ ಕುಂಡಕ್ಕೂ ಅಡ್ಡಗೈ ಹಿಡಿದು ನಿಂತಿತ್ತು ಆ ಯಂತ್ರ, ನಿಮ್ಮ ಗುರುತು ಸಾಬೀತಾಗಿಲ್ಲ, ಅದೊಂದು ಮಾತಿಗೆ ಥಿಯೇಟರಿನಲ್ಲಿ ಶಿಳ್ಳೆ, ಅಂಗಡಿಯಲ್ಲಿ ಮಾರುವ ಗೊಂಬೆಯ ಹೊಟ್ಟೆ ಒತ್ತಿದರೂ ಅದೇ ಮಾತು. ಮಾತು ಇವನದಲ್ಲ, ಧ್ವನಿ ಕೊಡುವವನು ಬೇರೆ, ತಣ್ಣಗಿನ ಕೋಣೆಯಲ್ಲಿ ಕೂತು ನೀರು ಕುಡಿಯುತ್ತಾ ಹೇಳಿ ಹೋಗುತ್ತಾನೆ, ಬೆವರು ಮಾತ್ರ ಇವನದು. ಮೂವತ್ತೆರಡು ಕಿಲೋ ಹೊತ್ತು ನಿಲ್ಲುವುದು, ಕಣ್ಣಿಗೆ ಬೆರಳಗಲದ ಸೀಳು, ಅದರಲ್ಲಿ ಜಗತ್ತು ಪಟ್ಟಿ ಪಟ್ಟಿಯಾಗಿ ಕಾಣುತ್ತದೆ, ಒಬ್ಬರ ಸೊಂಟ, ಒಬ್ಬರ ಗದ್ದ, ಪೂರ್ತಿ ಮನುಷ್ಯ ಕಾಣುವುದೇ ಇಲ್ಲ, ಹಾಗಾಗಿ ಬೆನ್ನ ಹಿಂದೆ ಅಕ್ಕ — ಒಂದು ಸಲ ತಟ್ಟಿದರೆ ನಡೆ, ಎರಡು ಸಲ ತಟ್ಟಿದರೆ ನಿಲ್ಲು, ಹತ್ತೊಂಬತ್ತು ವರ್ಷ ಅವಳ ಬೆರಳಿನ ಗೆಣ್ಣು ನಂಬಿಕೊಂಡೇ ನಡೆದದ್ದು, ಒಂದು ದಿನವೂ ಗೋಡೆಗೆ ಡಿಕ್ಕಿ ಹೊಡೆದವನಲ್ಲ. ಲೋಕವನ್ನೆಲ್ಲ ಅನುಮಾನಿಸಿದವನು ಆ ಗೆಣ್ಣನ್ನು ಮಾತ್ರ ಅನುಮಾನಿಸಿರಲಿಲ್ಲ, ಅದನ್ನೂ ಕೊನೆಗೆ ಮಾಡಿದನಲ್ಲ.

ಕವಚದೊಳಗೆ ಕೂತರೆ ಒಂದು ತೊಂದರೆ, ಒಳಗೊಬ್ಬ ಮನುಷ್ಯ ಇದ್ದಾನೆ, ಅವನಿಗೂ ಎರಡು ಕಿವಿ ಇವೆ ಎನ್ನುವುದನ್ನು ಜನ ಮರೆತುಬಿಡುತ್ತಾರೆ. ಹೋದ ವರ್ಷ, ನೌಕೆಯ ಓಣಿಯಲ್ಲಿ ಓಡುವ ದೃಶ್ಯದಲ್ಲಿ ಇವನು ಮುಗ್ಗರಿಸಿ ಬಿದ್ದ ಮಾರನೆಯ ದಿನ, ನಿರ್ಮಾಪಕರು ಇವನ ಮಗ್ಗುಲಲ್ಲೇ ನಿಂತು, ಕಂಬದ ಪಕ್ಕ ನಿಂತ ಹಾಗೆ ನಿಂತು, ಒಳಗಿರೋನು ಯಾರಾದ್ರೇನ್ರೀ, ಮುಖ ಕಾಣುತ್ತಾ, ವಯಸ್ಸಾಯ್ತು, ಬೇರೆ ಯಾರನ್ನಾದ್ರೂ ನೋಡಿ, ಎಂದು ನಿರ್ದೇಶಕರಿಗೆ ಹೇಳಿದರು. ಅವತ್ತಿನಿಂದ ತಲೆಯೊಳಗೆ ಹುಳ ಹೊಕ್ಕಿತು. ಬಿದ್ದದ್ದು ಅವನ ತಪ್ಪಲ್ಲ, ಕವಚದ ಮಂಡಿಯ ಕೀಲು ಹಿಡ್ಕೊಂಡಿತ್ತು, ಅಂತ ಅಕ್ಕ ಎಲ್ಲರೆದುರು ಹೇಳಿದಳು, ಕೀಲು ಸರಿಯಾಗೇ ಇತ್ತು, ಕಾಲು ಸೋತದ್ದು ಇವನದು, ಅದು ಇಬ್ಬರಿಗೂ ಗೊತ್ತು, ಹಾಗಾದರೆ ಯಾಕೆ ಸುಳ್ಳು ಹೇಳಿದಳು, ನನ್ನನ್ನು ಉಳಿಸಲೋ, ಮೆಲ್ಲಗೆ ಸಾಗಹಾಕುವವರೆಗೂ ಸಮಾಧಾನ ಮಾಡಲೋ. ಆಮೇಲೆ ಅವಳು ನಿರ್ಮಾಪಕರ ಕೋಣೆಗೆ ಹೋಗಿ ಬಂದದ್ದು ಮೂರು ಸಲ, ಎಣಿಸಿದ್ದಾನೆ, ಒಂದು ಸಲ ಹೊರಗೆ ಬಂದಾಗ ಅವಳ ಮುಖ ಕೆಂಪಗಿತ್ತು, ಏನಕ್ಕ ವಿಷಯ ಅಂದರೆ, ಏನಿಲ್ಲ ಕಣೋ, ದಾರದ ಬಣ್ಣ, ಅಂದಳು. ದಾರದ ಬಣ್ಣಕ್ಕೆ ಯಾರಾದರೂ ಮುಕ್ಕಾಲು ಗಂಟೆ ಮಾತಾಡುತ್ತಾರೆಯೇ. ಆಮೇಲೆ ಸಿಕ್ಕಿತಲ್ಲ ಚೀಟಿ, ಅವಳ ಕತ್ತರಿಯ ಕೆಳಗೆ, ಅವಳದೇ ಗುಂಡು ಅಕ್ಷರ — ಭುಜ ಹದಿನಾರೂವರೆ, ಎದೆ ಮೂವತ್ತಾರು. ಇವನ ಭುಜ ಹದಿನೆಂಟು, ಎದೆ ನಲವತ್ತೊಂದು, ಮೊದಲ ಸಿನಿಮಾಕ್ಕೆ ಅಳತೆ ಕೊಟ್ಟ ದಿನದಿಂದ ಮನೆಯ ವಿಳಾಸ ಹೇಳಿದಷ್ಟು ಸಲೀಸಾಗಿ ಹೇಳುತ್ತಾ ಬಂದಿದ್ದಾನೆ, ಕೇಳದವರಿಗೂ ಹೇಳಿದ್ದಾನೆ. ಹದಿನಾರೂವರೆಯ ಸಣಕಲು ಭುಜ ಈ ಕುಟುಂಬದಲ್ಲಿ ಒಬ್ಬನದೇ, ಅಳಿಯನದು. ಕೆಳಗೆ ಇನ್ನೊಂದು ಸಾಲಿತ್ತು, ಎತ್ತರದ್ದು, ಅದನ್ನು ಓದುವ ತಾಳ್ಮೆ ಯಾರಿಗಿತ್ತು, ಎರಡು ಸಾಲಿಗೇ ರಕ್ತ ನೆತ್ತಿಗೇರಿತ್ತು. ಎರಡು ತಿಂಗಳ ರಜೆ ಶುರುವಾಗುವ ದಿನ ಅದು, ಅಕ್ಕನ ಹೊಲಿಗೆ ಕೋಣೆ, ಮಧ್ಯಾಹ್ನ, ಕಿಟಕಿಯ ಬಿಸಿಲು ಮೇಜಿನ ಮೇಲೆ.

ಅಕ್ಕನ ಬಾಯಲ್ಲಿ ಗುಂಡುಸೂಜಿ ಇತ್ತು. ಯಾವಾಗ ಇರಲಿಲ್ಲ ಹೇಳಿ, ಅವಳು ಹದಿನಾಲ್ಕಕ್ಕೇ ಮೆಶಿನ್ನಿನ ಮುಂದೆ ಕೂತವಳು, ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಇವನ ಹೊಟ್ಟೆ ತುಂಬಿಸಿದ್ದು ಆ ಮೆಶಿನ್ನು, ಬಟ್ಟೆ ಹಿಡಿಯಲು ಎರಡೂ ಕೈ ಬೇಕು, ಸೂಜಿ ಹಿಡಿಯಲು ತುಟಿ, ಐದೋ ಆರೋ ಸಾಲಾಗಿ, ಗುಂಡು ತಲೆ ಹೊರಗೆ. ಚಿಕ್ಕವನಿದ್ದಾಗ ಇವನ ಕಳ್ಳಾಟವೇ ಅದು, ಬಾಯಿ ತುಂಬ ಸೂಜಿ ಇರುವ ಹೊತ್ತು ನೋಡಿಕೊಂಡೇ ಬಂದು ಕೇಳುವುದು, ಅಕ್ಕ ಆಡೋಕೆ ಹೋಗ್ಲಾ, ಅಕ್ಕ ಲೆಕ್ಕ ನಾಳೆ ಮಾಡ್ಲಾ, ಅವಳು ಉಹೂಂ ಉಹೂಂ ಎಂದು ಮೂಗಿನಲ್ಲೇ ಗದರುತ್ತಾ ಒಂದೊಂದೇ ಸೂಜಿ ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚುವಷ್ಟರಲ್ಲಿ ಇವನು ಬೀದಿ ದಾಟಿರುತ್ತಿದ್ದ, ನೀನು ಬೇಡ ಅನ್ನಲೇ ಇಲ್ವಲ್ಲ ಅಂತ ಸಂಜೆ ವಾದ ಬೇರೆ, ಅವಳಿಗೆ ನಗು. ಅವತ್ತು ನಗು ಇರಲಿಲ್ಲ. ಚೀಟಿಯನ್ನು ಅವಳ ಮುಖಕ್ಕೆ ಹಿಡಿದು ಬಾಯಿಗೆ ಬಂದದ್ದೆಲ್ಲ ಅಂದ, ಯಾರದು ಈ ಅಳತೆ, ಹೇಳು, ನಿನ್ನ ಮಗನನ್ನ ನನ್ನ ಜಾಗದಲ್ಲಿ ಕೂರಿಸ್ತಿದ್ದೀಯಾ, ಅದಕ್ಕೇನಾ ಆ ಕೋಣೆಗೆ ಹೋಗಿ ಹೋಗಿ ಬಂದಿದ್ದು, ಹತ್ತೊಂಬತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತಿದ್ದು ಇದಕ್ಕೇನಾ, ಹೇಳು ಅಂದ್ರೆ ಹೇಳು. ಐದು ಸೂಜಿ. ಅವಳು ಉಹೂಂ ಎಂದಳು, ಕಣ್ಣು ಅಗಲವಾಯಿತು, ಒಂದು ಸೂಜಿ ತೆಗೆದು ದಿಂಬಿಗೆ ಚುಚ್ಚಿದಳು, ಅವಸರದಲ್ಲಿ ಇನ್ನೊಂದು ಬೆರಳಿಗೆ ಚುಚ್ಚಿತು, ರಕ್ತದ ಚುಕ್ಕೆ ಬಂತು, ಮೂರನೆಯದು — ನೋಡು, ಬಾಯೇ ಬರ್ತಿಲ್ಲ, ಬರೋದಾದ್ರೂ ಹೇಗೆ, ಅಂದುಬಿಟ್ಟ ಇವನು, ಬಾಗಿಲು ಎಳೆದ ರಭಸಕ್ಕೆ ಮೇಜಿನ ಮೇಲಿನ ಅಳತೆಪಟ್ಟಿ ಜಾರಿ ಬಿದ್ದಿತು, ಬಾಗಿಲು ಮುಚ್ಚುವ ಮುಂಚೆ ಕಂಡದ್ದು ಅವಳ ತುಟಿ, ಅದರಲ್ಲಿ ಇನ್ನೂ ಎರಡು.

ಅವಳು ಫೋನ್ ಮಾಡಿದಳು. ಎತ್ತಲಿಲ್ಲ, ಕತೆ ಕಟ್ಟಿಕೊಂಡು ಮಾಡುತ್ತಿದ್ದಾಳೆ ಎಂದುಕೊಂಡ. ಒಂದು ವಾರ ದಿನಾ ಬಂತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಂತಿತು, ನಿಂತದ್ದಕ್ಕೂ ಒಂದು ಅನುಮಾನ, ಓಹೋ ಕೆಲಸ ಮುಗೀತು ಅಂತ ಕಾಣುತ್ತೆ ಅಕ್ಕಂಗೆ. ರಜೆ ಮುಗಿಯುವ ಮುಂಚೆಯೇ ಸುದ್ದಿ ಬಂತು, ಮೆಶಿನ್ನಿನ ಮುಂದೆ ಕೂತ ಹಾಗೇ ಹೋದಳಂತೆ, ಬೆಳಿಗ್ಗೆ ಹನ್ನೊಂದಕ್ಕೆ, ಎದೆ ನಿಂತಿತಂತೆ, ಚಕ್ರ ಇನ್ನೂ ತಿರುಗುತ್ತಿತ್ತಂತೆ. ಇವನು ಹೋದ, ಹೋಗಿ ಗೇಟಿನ ಹತ್ತಿರ ನಿಂತ, ಅಳಿಯ ಬಂದು ಒಳಗೆ ಬನ್ನಿ ಮಾಮ ಎಂದು ಕೈ ಹಿಡಿದರೆ, ಆ ಕೈಯನ್ನೂ ಅನುಮಾನದಲ್ಲೇ ನೋಡಿದ, ಇದೇ ತಾನೆ ನನ್ನ ಕೈಗವಸಿನೊಳಗೆ ಹೋಗುವ ಕೈ ಎಂದು. ಅಕ್ಕನ ಮುಖವನ್ನು ಸರಿಯಾಗಿ ನೋಡಲಿಲ್ಲ. ನೋಡಬೇಕಿತ್ತು. ಬಾಯಲ್ಲಿ ಏನೂ ಇರಲಿಲ್ಲ ಅವತ್ತು.

ಭುಜಕ್ಕೆ ಕೂರ್ತಾ ಸರ್, ಎನ್ನುತ್ತಿದ್ದಾಳೆ ದರ್ಜಿ ಹೆಂಗಸು. ಕೂರುತ್ತಿದೆಯಲ್ಲ — ಇದೇ, ಇದೇ ಆಗಿನಿಂದ ಏನೋ ಸರಿಯಿಲ್ಲ ಅನ್ನಿಸುತ್ತಿದ್ದದ್ದು, ಎಲ್ಲ ಸರಿಯಾಗಿದೆ, ಎಲ್ಲೂ ಒತ್ತುತ್ತಿಲ್ಲ, ಎಲ್ಲೂ ಅಲ್ಲಾಡುತ್ತಿಲ್ಲ, ಹಳೆಯದರಲ್ಲಿ ಎರಡು ವರ್ಷದಿಂದ ಅಂಗಿಯ ಒಳಗೆ ಟವಲು ಸುತ್ತಿಕೊಂಡು ಹೋಗುತ್ತಿದ್ದ, ಯಾರಿಗೂ ಹೇಳಿರಲಿಲ್ಲ, ಕವಚ ಹಿಗ್ಗಿದೆ ಅಂತ ತನಗೆ ತಾನೇ ಹೇಳಿಕೊಂಡಿದ್ದ, ಇದರಲ್ಲಿ ಟವಲಿಗೆ ಜಾಗವೇ ಇಲ್ಲ. ಹದಿನಾರೂವರೆ. ಅಳಿಯ ಇವನಿಗಿಂತ ಒಂದು ಗೇಣು ಉದ್ದ, ಅವನು ಹೊಕ್ಕರೆ ಕಾಲು ಮೊಣಕಾಲಿಗೇ ಸಿಕ್ಕಿಕೊಳ್ಳುತ್ತದೆ, ಇವನ ಕಾಲು ಮಾತ್ರ ಸೀದಾ ಇಳಿದು ಹಿಮ್ಮಡಿ ತಳ ಮುಟ್ಟಿತು. ಎಡಭುಜದ ಮೂಳೆಯ ಮೇಲೆ ಮೆತ್ತಗೆ ಏನೋ, ಬೆರಳು ತೂರಿಸಿ ನೋಡಿದ, ಹತ್ತಿ ತುಂಬಿದ ಪುಟ್ಟ ದಿಂಬು, ಬಲಕ್ಕೆ ಇಲ್ಲ, ಎಡಕ್ಕೆ ಮಾತ್ರ, ಎಡಭುಜ ನೋಯುವುದು ಈ ಭೂಮಿಯಲ್ಲಿ ಇವನೊಬ್ಬನಿಗೆ, ಆ ನೋವು ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ, ದಿಂಬಿನ ಅಂಚಿನಲ್ಲಿ ಎರಡು ಸಲ ಗಂಟು ಹಾಕಿದ ದಾರ, ಒಂದು ಗಂಟು ಹಾಕಿ ಬಿಟ್ಟವಳೇ ಅಲ್ಲ ಅವಳು. ಅಳತೆ ಯಾವಾಗ ಕೊಟ್ಟಿರಿ ಸರ್, ಚೂರೂ ತಿದ್ದುವ ಹಾಗಿಲ್ಲ, ಎನ್ನುತ್ತಾಳೆ ಇವಳು. ಕೊಟ್ಟಿಲ್ಲ. ಕೊಟ್ಟೇ ಇಲ್ಲ. ಚಳಿಗಾಲದಲ್ಲಿ, ತಿರುಪು ಬಿಗಿಯುವ ಮುಂಚೆ, ಅಕ್ಕ ಬೆನ್ನ ಮೇಲೆ ಗೇಣು ಹಾಕುತ್ತಾ ಈ ತುದಿಯಿಂದ ಆ ತುದಿಗೆ ಹೋಗಿದ್ದಳು, ಏನಕ್ಕ ಕಚಗುಳಿ ಇಡ್ತೀಯಾ, ಅಂದಿದ್ದ, ಸುಮ್ನಿರೋ, ಧೂಳು ಕೂತಿದೆ, ಅಂದಿದ್ದಳು. ಧೂಳಲ್ಲ. ಕುಗ್ಗಿದ್ದೀಯ ಕಣೋ ಎಂದು ಬಾಯಿಬಿಟ್ಟು ಹೇಳಲಾರದೆ ಕೈಯಲ್ಲೇ ಅಳೆದುಕೊಂಡಳು, ಹೇಳಿದ್ದರೆ ಇವನು ಕುಣಿದಾಡುತ್ತಿದ್ದ, ನನ್ನ ಭುಜ ಹದಿನೆಂಟು ಅಂತ.

ನಿಮಗೆ ಗೊತ್ತಿಲ್ವೇನೋ ಸರ್, ಎನ್ನುತ್ತಾಳೆ, ಬಲಗಡೆಯ ತಿರುಪು ಹಾಕುತ್ತಾ, ನಿರ್ಮಾಪಕರ ರೂಮಲ್ಲಿ ಅಕ್ಕೋರು ಜಗಳಾನೇ ಆಡಿದ್ರು, ಒಳಗೆ ನನ್ನ ತಮ್ಮನೇ ಇರ್ಬೇಕು, ಇಲ್ಲಾಂದ್ರೆ ನಾನು ಸೂಜಿ ಮುಟ್ಟಲ್ಲ, ಭಾರ ಜಾಸ್ತಿ ಅಂತೀರಲ್ಲ, ಅರ್ಧಕ್ಕರ್ಧ ಇಳಿಸಿ ಕೊಡ್ತೀನಿ, ಆಮೇಲೆ ಬಿದ್ರೆ ನನ್ನ ಕೇಳಿ ಅಂತ. ಹದಿನೈದು ಕಿಲೋ ಇದು, ನೀವೇ ನೋಡಿ. ನಾನು ಹೇಳ್ದೆ, ಅವರಿಗೆ ಒಂದು ಮಾತು ಹೇಳಿಕಳಿಸೋಣ, ಪಾಪ ಏನೇನೋ ತಿಳ್ಕೊಂಡಿದ್ದಾರೆ ಅಂತ, ಅದಕ್ಕೆ ಅಕ್ಕೋರು, ಬೇಡ ಬಿಡು, ಹಾಕ್ಕೊಂಡ ಮೇಲೆ ಅವನಿಗೇ ಗೊತ್ತಾಗುತ್ತೆ, ಅಂದ್ರು. ಗೊತ್ತಾಯಿತು ಅಕ್ಕ. ಹಾಕಿಕೊಂಡೆ, ಗೊತ್ತಾಯಿತು. ತಲೆ ಮುಚ್ಚುತ್ತಾ ಇದ್ದಾರೆ, ಕತ್ತಲಾಯಿತು, ಸೀಳು ಮಾತ್ರ ಬೆಳಕು, ಒಳಗೆ ಅಳಬಹುದು, ಯಾರಿಗೂ ಕಾಣುವುದಿಲ್ಲ, ಒಳಗಿರೋನು ಯಾರಾದ್ರೇನು. ಜಗತ್ತಿನ ಪ್ರತಿ ಮುಖದ ಗುರುತು ಕೇಳಿದವನಿಗೆ ತನ್ನದೇ ಮೈಯಳತೆಯ ಗುರುತು ಸಿಗಲಿಲ್ಲವಲ್ಲ, ಚೀಟಿಯಲ್ಲಿದ್ದವನು ನಾನೇ, ಅವಳು ಬರೆದುಕೊಂಡದ್ದು ನನ್ನನ್ನೇ.

ಬೆನ್ನಿಗೆ ಒಂದು ತಟ್ಟು, ಬೇರೆಯವರ ಗೆಣ್ಣು, ನಡೆದ. ಎರಡು ತಟ್ಟು, ನಿಂತ. ನೌಕೆಯ ಬಾಗಿಲು, ರಟ್ಟಿನದು, ಬಣ್ಣ ಹಸಿ. ಇವತ್ತಿನ ದೃಶ್ಯ ಚಿಕ್ಕದು ಅಂತ ನಿರ್ದೇಶಕರು ಬೆಳಿಗ್ಗೆಯೇ ಹೇಳಿದ್ದಾರೆ, ಯಂತ್ರ ಅಡ್ಡಗೈ ಹಿಡಿದು ನಿಂತಿರುತ್ತದೆ, ಗುರುತಿನ ಚೀಟಿ ಕಳೆದುಕೊಂಡ ಕ್ಯಾಪ್ಟನ್ ಬರುತ್ತಾಳೆ, ಇಷ್ಟು ವರ್ಷದಲ್ಲಿ ಮೊದಲ ಸಲ ಯಂತ್ರ ಏನನ್ನೂ ಕೇಳದೆ ಕೈ ಇಳಿಸುತ್ತದೆ, ಅಷ್ಟೇ ರೀ, ಕೈ ಇಳಿಸಿದರೆ ಮುಗೀತು, ಜನ ಅಳ್ತಾರೆ. ಕೈ ಎತ್ತಿದ. ಹಗುರವಾಗಿ ಎದ್ದಿತು ಕೈ, ಅಯ್ಯೋ ಎಷ್ಟು ಹಗುರ, ಅರ್ಧಕ್ಕರ್ಧ. ಹೆಜ್ಜೆ ಸದ್ದು ಹತ್ತಿರವಾಯಿತು, ಕ್ಯಾಪ್ಟನ್ ತೀರ ಎದುರು ಬಂದು ನಿಂತಳು, ಸೀಳಿನಲ್ಲಿ ಕಣ್ಣಿಲ್ಲ, ಹಣೆಯಿಲ್ಲ, ಬಾಯಿ ಮಾತ್ರ, ಆ ಬಾಯಿ ಹೇಳುತ್ತಿದೆ, ನಾನೇ ಕಣೋ, ಗೊತ್ತಾಗ್ಲಿಲ್ವಾ — ಕೈ ಇಳಿಸಿ, ಯಾರೋ ಕೂಗುತ್ತಿದ್ದಾರೆ, ಇಳಿಸಿ ಸರ್ ಕೈ, ಕೇಳಿಸ್ತಿದೆಯಾ — ಇಳಿಸುತ್ತೇನೆ, ಇಳಿಸುತ್ತೇನೆ, ಒಂದು ನಿಮಿಷ ಇರಿ, ಅವಳು ಇನ್ನೂ ಮುಗಿಸಿಲ್ಲ, ಐದಿತ್ತು, ಒಂದನ್ನು ತೆಗೆದು ದಿಂಬಿಗೆ ಚುಚ್ಚಿದಳು, ನಾಲ್ಕು, ಬೆರಳಿಗೆ ರಕ್ತ ಬಂತು, ಮೂರು, ನಾನು ಎಲ್ಲೂ ಹೋಗುವುದಿಲ್ಲ ಅಕ್ಕ, ಬಾಗಿಲ ಹತ್ತಿರವೇ ನಿಂತಿದ್ದೇನೆ, ನೀನು ನಿಧಾನವಾಗಿ ತೆಗಿ, ಕಿಟಕಿಯ ಬಿಸಿಲು, ಅವಳ ತುಟಿ, ತುಟಿಯ ನಡುವೆ ಎರಡು ಗುಂಡುಸೂಜಿ, ಗುಂಡು ತಲೆ ಹೊರಗೆ, ಇನ್ನು ಎರಡೇ, ಎರಡು ಗುಂಡುಸೂಜಿ, ಎರಡು —